ಒಂದು ಮಿಡಿಮರ, ಒಂಬತ್ತು ಶಾಲು

ಹೊಸದೇನನ್ನಾದರೂ ಮಾಡಿ ನೋಡಬೇಕೆಂದು ಹೊರಟ ಮನುಷ್ಯನಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆಗಬೇಕಾದದ್ದೆಲ್ಲ ಅವನ ಪಕ್ಕದಲ್ಲಿ ನಿಂತವನಿಗೆ ಆಗುತ್ತದೆ. ಈ ಸಿದ್ಧಾಂತವನ್ನು ನಾನು ಗ್ರಂಥಗಳಿಂದ ಪಡೆದದ್ದಲ್ಲ. ಮೂರು ದಶಕಗಳಿಗೂ ಮಿಕ್ಕು ಕಾಲೇಜಿನಲ್ಲಿ ಹಳಗನ್ನಡ ಗದ್ಯವನ್ನು ಬೋಧಿಸಿ, ನಿವೃತ್ತನಾಗಿ ಸಾಗರದಲ್ಲಿ ನೆಲಸಿದ ತರುವಾಯ, ನನ್ನ ಭಾವನ ಪಕ್ಕದಲ್ಲಿ ಪದೇ ಪದೇ ನಿಂತು ಸ್ವಾನುಭವದಿಂದ ಗಳಿಸಿದ್ದು.

ಭಾವ ಎಂದರೆ ನನ್ನ ಅಕ್ಕನ ಯಜಮಾನರು. ಹೊಸನಗರದಲ್ಲಿ ಮನೆ. ಟೆಲಿಫೋನ್ ಕಂಬ ನೆಡುವ, ತಂತಿ ಎಳೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಕಂಬಗಳೂ ಅವರೊಡನೆಯೇ ನಿವೃತ್ತವಾದವು. ತಂತಿ, ರಾಟೆ, ಇಕ್ಕಳಗಳ ಮೇಲಿನ ಅವರ ವಿಶ್ವಾಸ ಮಾತ್ರ ಇಂದಿಗೂ ಸೇವೆಯಲ್ಲಿದೆ. ಅವರನ್ನು ದುಡುಕಿನ ಮನುಷ್ಯನೆಂದು ಯಾರಾದರೂ ಎಣಿಸಿದರೆ ಅದು ಅನ್ಯಾಯ. ಯೋಚಿಸದೆ ಅವರು ಒಂದು ಮೊಳೆಯನ್ನೂ ಹೊಡೆದವರಲ್ಲ. ಅವರ ಬಳಿ ಒಂದು ನೋಟ್‌ಬುಕ್ಕಿದೆ. ಅದರ ಮೊದಲ ಪುಟದಲ್ಲಿ ಮೂರು ನಿಯಮಗಳು: ಮೊದಲು ಚಿಕ್ಕದಾಗಿ ಮಾಡಿ ನೋಡುವುದು, ಕೆಟ್ಟರೆ ಏನು ಕೆಡುತ್ತದೆ ಎಂಬುದನ್ನು ಮುಂಚಿತವಾಗಿ ಬರೆಯುವುದು, ಕೆಡುವುದು ಯಾರದೋ ಅವರನ್ನು ಕೇಳುವುದು. ಉಳಿದ ಪುಟಗಳಲ್ಲಿ ನಾಲ್ಕು ಅಂಕಣ: ‘ಮಾಡುವುದು’, ‘ಕೆಟ್ಟರೆ ಕೆಡುವುದು’, ‘ಕೇಳಿದ್ದಾಯಿತೆ’, ಕೊನೆಗೆ ಆಫೀಸಿನ ಅಭ್ಯಾಸಬಲದಿಂದ ‘ಷರಾ’. ಇಷ್ಟು ವಿವೇಕದಿಂದ ಕೂಡಿದ ಸಾಹಸವಿಧಾನವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಅದರಲ್ಲಿರುವ ಏಕೈಕ ದೋಷವೆಂದರೆ, ಎರಡನೆಯ ಅಂಕಣದಲ್ಲಿ ಬಹುಮಟ್ಟಿಗೆ ನನ್ನ ವಸ್ತುಗಳೇ ಇರುವುದು.

ಈ ಸಲದ ಸಾಹಸಕ್ಕೆ ಕಾರಣ ಒಂದು ಅಪ್ಪೆಮಿಡಿಯ ಮರ, ಎಂದರೆ ಉಪ್ಪಿನಕಾಯಿಗೆ ಎಳೆಗಾಯಿ ಕೊಡುವ ಕಾಡುಮಾವು. ಮೇಗರವಳ್ಳಿಯ ಹತ್ತಿರ, ಹಳ್ಳದ ದಂಡೆಯಲ್ಲಿ, ಒಬ್ಬ ಗೌಡರ ಜಮೀನಿನ ಅಂಚಿಗೆ ನಿಂತಿದೆ. ಅಕ್ಕ ಮದುವೆಯಾಗಿ ಬಂದ ವರ್ಷದಿಂದ ಅವಳ ಉಪ್ಪಿನಕಾಯಿ ಜಾಡಿಗೆ ಆ ಮರದ ಮಿಡಿಯೇ ಆಗಬೇಕು. ಮಿಡಿಯ ಸೂಕ್ಷ್ಮ ಬಲ್ಲವರಿಗೆ ಗೊತ್ತು: ಅದನ್ನು ತೊಟ್ಟು ಸಮೇತ ಕೊಯ್ಯಬೇಕು, ನೆಲಕ್ಕೆ ಬೀಳಿಸಕೂಡದು. ಜಜ್ಜಿಹೋದ ಒಂದೇ ಮಿಡಿ ಇಡೀ ಜಾಡಿಯನ್ನು ಕೆಡಿಸಬಲ್ಲದು. ನಲವತ್ತು ವರ್ಷ ಆ ಮರವನ್ನು ಹತ್ತಿ ಬುಟ್ಟಿಯಲ್ಲಿ ಮಿಡಿ ಇಳಿಸುತ್ತಿದ್ದ ಮನುಷ್ಯನ ಮೊಣಕಾಲು ಈ ವರ್ಷ ರಾಜೀನಾಮೆ ಕೊಟ್ಟಿತು. ಬೇರೆ ಯಾರೂ ಹತ್ತಲು ಒಪ್ಪಲಿಲ್ಲ. ಗೌಡರು ಭಾವನಿಗೆ ಫೋನು ಮಾಡಿ, “ಕೊಯ್ಯೋರಿಲ್ದ ಮರ ಇಟ್ಕಂಡು ಎಂಥ ಮಾಡದು ಮಾರಾಯ್ರೆ? ಉದುರಿದ ಕಾಯಿಗೆ ಮಂಗ ಬರ್ತವೆ, ಬಂದವು ಹಂಗೇ ತೋಟಕ್ಕೆ ಇಳೀತವೆ. ಎರಡು ವಾರ ಬಿಟ್ಟು ಸೋಮವಾರ ಟಿಂಬರಿನವರು ಅಳತೆಗೆ ಬರ್ತಾರೆ. ಅಷ್ಟ್ರೊಳಗೆ ನೆಲಕ್ಕೆ ಬೀಳ್ಸದೆ ಒಂದು ಬುಟ್ಟಿ ಮಿಡಿ ಇಳ್ಸಿ ತೋರ್ಸಿ, ಮರ ಬಿಡ್ತೀನಿ” ಎಂದರು. ಗೌಡರು ಆಡಿದ ಮಾತಿಗೆ ತಪ್ಪುವವರಲ್ಲ, ಕಷ್ಟವಿದ್ದದ್ದೇ ಅಲ್ಲಿ.

ಅಕ್ಕ ಅಳುವವಳಲ್ಲ. “ಬೇರೆ ಮರದ್ದೂ ಹಾಕ್ಲಕ್ಕು ತಮಾ” ಎಂದಳು. “ಆದ್ರೆ ಅದು ಉಪ್ಪಿನಕಾಯಿ ಆಗ್ತಿಲ್ಲೆ. ಉಪ್ಪಲ್ಲಿ ಬಿದ್ದ ಕಾಯಿ ಆಗ್ತು.” ಇಷ್ಟು ಹೇಳಿ ಒಳಗೆ ಹೋಗಿ, ಖಾಲಿಯಾದ ದೊಡ್ಡ ಜಾಡಿಯನ್ನು ತೊಳೆದು ಬಿಸಿಲಿಗೆ ಇಟ್ಟಳು. ಆ ಜಾಡಿ ದಿನವೂ ಅಂಗಳದಲ್ಲಿ ಬಾಯಿ ತೆರೆದುಕೊಂಡು ನಮ್ಮಿಬ್ಬರನ್ನೂ ನೋಡುತ್ತಿತ್ತು. ಭಾವ ನೋಟ್‌ಬುಕ್ಕು ತೆಗೆದರು.

೧. ಕೊಡೆ ಮತ್ತು ನಿಂಬೆಹಣ್ಣು

ಚಿಕ್ಕದಾಗಿ ಮಾಡಿ ನೋಡುವ ಮೊದಲನೆಯ ನಿಯಮಕ್ಕೆ ಅನುಸಾರವಾಗಿ ಮೊದಲ ಪರೀಕ್ಷೆ ಸಾಗರದಲ್ಲಿ, ನನ್ನ ಮನೆಯ ತಾರಸಿಯಲ್ಲಿ ನಡೆಯಿತು. ಭಾವನ ವಿಚಾರ ಸರಳವಾದದ್ದು: ಮೇಲಿನಿಂದ ಕತ್ತರಿಸಿದ ಮಿಡಿಯನ್ನು ಕೆಳಗೆ ಬುಡಮೇಲಾಗಿ ಹಿಡಿದ ಕೊಡೆಯಲ್ಲಿ ಹಿಡಿಯಬಹುದೇ ಎಂಬುದು. ಮಿಡಿ ಇನ್ನೂ ಕೈಗೆ ಬಂದಿರಲಿಲ್ಲವಾದ್ದರಿಂದ ಹನ್ನೆರಡು ನಿಂಬೆಹಣ್ಣು ತಂದಿದ್ದರು.

“ನಿಂಬೆಹಣ್ಣು ಮಿಡಿಗಿಂತ ಭಾರ ಇದ್ದು. ಇದು ತಡಕಂಡ್ರೆ ಅದೂ ತಡಕತ್ತು” ಎಂದರು.

“ನಾನು ತಡೆದುಕೊಳ್ಳುತ್ತೇನೆಯೇ ಎಂಬುದನ್ನೂ ಬರೆದಿದ್ದೀರಾ?” ಎಂದೆ.

ಬರೆದಿದ್ದರು. ಎರಡನೆಯ ಅಂಕಣದಲ್ಲಿ ‘ಭಾವಯ್ಯನ ಕೊಡೆ, ಭಾವಯ್ಯನ ಕನ್ನಡಕ’ ಎಂದಿತ್ತು. ನಮ್ಮಲ್ಲಿ ಅಕ್ಕನ ಗಂಡನೂ ಭಾವ, ಹೆಂಡತಿಯ ತಮ್ಮನೂ ಭಾವ. ನಾನು ಕಿರಿಯನಾದ್ದರಿಂದ ಅವರು ಪ್ರೀತಿಯಿಂದ ‘ಭಾವಯ್ಯ’ ಎನ್ನುತ್ತಾರೆ; ಆ ಪ್ರೀತಿ ಹೆಚ್ಚಾದ ದಿನ ನಾನು ಜಾಗರೂಕನಾಗಿರುತ್ತೇನೆ.

ನಾನು ಅಂಗಳದಲ್ಲಿ ಕೊಡೆಯನ್ನು ತಲೆಕೆಳಗಾಗಿ ಎತ್ತಿ ಹಿಡಿದು ನಿಂತೆ. ಭಾವ ಮೇಲಿನಿಂದ “ಒಂದು”, “ಎರಡು” ಎಂದು ಗಟ್ಟಿಯಾಗಿ ಎಣಿಸುತ್ತ ಒಂದೊಂದೇ ಹಣ್ಣನ್ನು ಬಿಡತೊಡಗಿದರು. ಮೂರನೆಯದು ಕನ್ನಡಕಕ್ಕೆ ತಗುಲಿತು. ಅಲ್ಲಿಂದ ಮುಂದೆ ಧೈರ್ಯಕ್ಕಾಗಿ ನಾನು ಕಣ್ಣು ಮುಚ್ಚಿ, ತರಗತಿಯಲ್ಲಿ ವರ್ಷವರ್ಷವೂ ಹೇಳಿ ಬಾಯಿಗೆ ಬಂದಿದ್ದ ಹಳಗನ್ನಡದ ದೀರ್ಘ ವಾಕ್ಯಗಳನ್ನು ಮೆಲ್ಲನೆ ಗುಣುಗುಣಿಸುತ್ತ ನಿಂತೆ. ಅಂತೂ ಏಳು ಹಣ್ಣು ಕೊಡೆಗೆ ಬಿದ್ದವು. ಉಳಿದವು ಅಂಗಳದ ಪಾಲಾದವು. ಹನ್ನೆರಡನೆಯದು ಪುಟಿದು ಹೋಗಿ ನನ್ನ ಗೇಟಿನ ಮುಂದೆ ನಿಲ್ಲಿಸಿದ್ದ ಎದುರುಮನೆಯವರ ಸ್ಕೂಟರಿನ ಸೀಟಿನ ಮೇಲೆ ನೆಟ್ಟಗೆ ಕುಳಿತಿತು.

ಆ ದಿನ ಅಮಾವಾಸ್ಯೆ ಎಂಬುದು ನಮಗಿಬ್ಬರಿಗೂ ನೆನಪಿರಲಿಲ್ಲ. ಎದುರುಮನೆಯವರಿಗೆ ನೆನಪಿತ್ತು. ಅವರು ತಮ್ಮ ಜಗಲಿಯ ಕಂಬದ ಹಿಂದಿನಿಂದ, “ಸಾರ್, ಇದೆಲ್ಲ ಎಂತಕ್ಕೆ?” ಎಂದು ಕೇಳಿದರು.

“ಉಪ್ಪಿನಕಾಯಿಗೆ” ಎಂದೆ.

ಅವರು ನಿಂಬೆಹಣ್ಣನ್ನು ನೋಡಿದರು, ತಲೆಕೆಳಗಾದ ಕರಿಯ ಕೊಡೆಯನ್ನು ನೋಡಿದರು, ತಾರಸಿಯಲ್ಲಿ ಇನ್ನೂ ಕೈಯೆತ್ತಿಕೊಂಡೇ ನಿಂತಿದ್ದ ಭಾವನನ್ನು ನೋಡಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕೊಡೆಯ ಉಪಾಯವನ್ನು ಅಲ್ಲಿಗೇ ಕೈಬಿಟ್ಟೆವು. ಆದರೂ ಅದು ವ್ಯರ್ಥವಾಯಿತೆಂದು ಹೇಳಲಾರೆ. ನನ್ನ ಗೇಟಿಗೆ ಅಡ್ಡವಾಗಿ ಸ್ಕೂಟರು ನಿಲ್ಲಿಸಬೇಡಿರೆಂದು ನಾನು ನಾಲ್ಕು ವರ್ಷ ಅವರನ್ನು ವಿನಯದಿಂದ ಬೇಡಿಕೊಂಡಿದ್ದೆ. ಅಂದು ಸಂಜೆಯಿಂದ ಆ ಸ್ಕೂಟರು ಮೂರು ಮನೆ ಆಚೆ ನಿಲ್ಲುತ್ತದೆ.

೨. ಹುಂಚಕ್ಕೆ ಹೋದ ಬದನೆಕಾಯಿ

ಎರಡನೆಯ ಪರೀಕ್ಷೆ ಹೊಸನಗರದಲ್ಲಿ. ಈ ಸಲ ಭಾವ ತಮ್ಮ ಸ್ವಂತ ವಿದ್ಯೆಗೆ ಮರಳಿದ್ದರು. ಮಾಳಿಗೆಯ ಕಿಟಕಿಯಿಂದ ರಸ್ತೆಯಾಚೆಯ ಅಂಗಡಿಯ ಗೋಡೆಗೆ ಒಂದು ತಂತಿ, ತಂತಿಯ ಮೇಲೆ ರಾಟೆ, ರಾಟೆಗೆ ಕೊಕ್ಕೆ, ಕೊಕ್ಕೆಗೆ ಬುಟ್ಟಿ. ಮರದ ಕೊಂಬೆಯಿಂದ ದಂಡೆಗೆ ಹೀಗೆಯೇ ಮಿಡಿಯನ್ನು ಜಾರಿಸಬಹುದೆಂಬುದು ಯೋಜನೆ. ಮೂರನೆಯ ನಿಯಮದಂತೆ ಅಂಗಡಿಯವರನ್ನು ಕೇಳಿಯಾಗಿತ್ತು. ಅವರು ಸಂತೋಷದಿಂದ ಒಪ್ಪಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರಿಗೂ ವ್ಯಾಪಾರವಿರುವುದಿಲ್ಲ.

ಮಿಡಿಯ ಬದಲಿಗೆ ಅಕ್ಕ ಹಿತ್ತಿಲಿನಿಂದ ಕೊಯ್ದು ತಂದಿದ್ದ ಎಳೆಯ ಬದನೆಕಾಯಿಗಳನ್ನು ಬುಟ್ಟಿಗೆ ತುಂಬಿದರು. ಬುಟ್ಟಿ ವೇಗವಾಗಿ ಜಾರದಂತೆ ತಡೆಯುವ ಹಗ್ಗ ನನ್ನ ಕೈಯಲ್ಲಿತ್ತು. “ಆನು ಬಿಡು ಹೇಳಿದಾಗ ಬಿಡು, ಹಿಡಿ ಹೇಳಿದಾಗ ಹಿಡಿ. ಮತ್ತೆಂತ ಯೋಚನೆ ಮಾಡಡ” ಎಂದು ಭಾವ ಅಪ್ಪಣೆ ಕೊಡಿಸಿದರು.

ನಾನು ಯೋಚನೆ ಮಾಡಲಿಲ್ಲ. “ಬಿಡು” ಎಂದರು, ಬಿಟ್ಟೆ. “ಹಿಡಿ” ಎಂದರು, ಹಿಡಿದೆ. ಬುಟ್ಟಿ ರಸ್ತೆಯ ನಟ್ಟನಡುವೆ ನಿಂತಿತು. ತಂತಿ ಭಾರಕ್ಕೆ ಜಗ್ಗಿತು. ಅದೇ ಮುಹೂರ್ತಕ್ಕೆ ಹುಂಚಕ್ಕೆ ಹೋಗುವ ಖಾಸಗಿ ಬಸ್ಸು ತಿರುವಿನಲ್ಲಿ ಪ್ರತ್ಯಕ್ಷವಾಯಿತು. ಬಸ್ಸಿನ ಡ್ರೈವರು ತಲೆಯ ಮೇಲೆ ತೂಗುವ ಬುಟ್ಟಿಯನ್ನು ನಿರೀಕ್ಷಿಸಲು ಕಾರಣವಿರಲಿಲ್ಲ. ಬಸ್ಸಿನ ಮೇಲಿನ ಕ್ಯಾರಿಯರ್ ಬುಟ್ಟಿಯನ್ನು ಕೊಕ್ಕೆಯಿಂದ ಎಷ್ಟು ನಯವಾಗಿ ಬಿಡಿಸಿಕೊಂಡಿತೆಂದರೆ, ತವರಿಗೆ ಹೊರಟ ಮಗಳನ್ನು ಹತ್ತಿಸಿಕೊಂಡಂತಿತ್ತು. ನಾವು ನೋಡುತ್ತಿದ್ದಂತೆಯೇ ಬದನೆಕಾಯಿ ತಿರುವು ದಾಟಿ ಮರೆಯಾಯಿತು.

ಅಡುಗೆಮನೆಯಿಂದ ಅಕ್ಕನ ಧ್ವನಿ ಬಂತು: “ಬದನೇಕಾಯಿ ತಗಂಡು ಬನ್ನಿ. ಹುಳಿಗೆ ಹಾಕಕ್ಕು.”

ಭಾವ ನನ್ನನ್ನು ನೋಡಿದರು. ಇಂಥ ಸಂದರ್ಭಗಳಲ್ಲಿ ಮಾತಾಡುವ ಹೊಣೆ ನನ್ನದು. “ಅಕ್ಕಾ, ಅದು ಹುಂಚಕ್ಕೆ ಹೋಯಿತು” ಎಂದೆ.

“ಎಂತಕ್ಕೆ?”

ನಾನು ಹಗ್ಗ ಸುತ್ತತೊಡಗಿದೆ.

ಸಂಜೆ ಬಸ್ಸು ಮರಳಿತು. ಕಂಡಕ್ಟರು ಬುಟ್ಟಿಯೊಡನೆ ಇಳಿದು, “ಯಾರ್ರೀ ಇದನ್ನ ಹಾಕಿದ್ದು? ವಿಳಾಸ ಇಲ್ಲ, ಹೆಸರಿಲ್ಲ. ಹುಂಚದಲ್ಲಿ ಬಸ್‌ ಸ್ಟ್ಯಾಂಡಿನಲ್ಲಿ ನಿಂತು ಎಲ್ರಿಗೂ ತೋರಿಸ್ದೆ, ಒಬ್ರೂ ನಂದು ಅನ್ಲಿಲ್ಲ. ಮುಂದಿನ ಸಲ ಒಂದು ಚೀಟಿ ಅಂಟಿಸಿ” ಎಂದು ಬುದ್ಧಿ ಹೇಳಿ ಹೋದ. ಭಾವ ಒಂದೊಂದೇ ಬದನೆಕಾಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದರು. ಒಂದೂ ಜಜ್ಜಿರಲಿಲ್ಲ. ನೋಟ್‌ಬುಕ್ಕಿನ ಮೂರನೆಯ ಅಂಕಣದಲ್ಲಿ ‘ಅಂಗಡಿಯವರನ್ನು ಕೇಳಿದೆ, ಬಸ್ಸನ್ನು ಕೇಳುವುದು ಬಿಟ್ಟುಹೋಯಿತು’ ಎಂದು ಪ್ರಾಮಾಣಿಕವಾಗಿ ಬರೆದರು. ಷರಾದಲ್ಲಿ ಬರೆದದ್ದು ಇಷ್ಟು: ‘ತಂತಿ ಆಗದು. ಬಸ್ಸು ಉತ್ತಮ.’

೩. ಎಂಟು ಸನ್ಮಾನಗಳು

ಒಂದು ವಾರ ಕಳೆಯಿತು. ಮಿಡಿ ಯಾರಿಗೂ ಕಾಯುವುದಿಲ್ಲ. ಇನ್ನೊಂದು ವಾರ ಬಿಟ್ಟರೆ ಒಳಗೆ ಗೊರಟು ಬಲಿತು ಉಪ್ಪಿನಕಾಯಿಗೆ ಒದಗದು. ಭಾವ ಊಟ ಬಿಟ್ಟರು ಎಂದರೆ ಅತಿಶಯೋಕ್ತಿ. ಎರಡನೆಯ ಸಲ ಮಜ್ಜಿಗೆ ಬಡಿಸಿಕೊಳ್ಳುವುದನ್ನು ಬಿಟ್ಟರು.

ಪರಿಹಾರ ಬಂದದ್ದು ಅಕ್ಕನಿಂದ. ಅವಳು ಅಕ್ಕಿಹಿಟ್ಟು ಮಾಡಿಸಿಕೊಂಡು ಗಿರಣಿಯಿಂದ ಬಂದವಳು, ಡಬ್ಬಿಯನ್ನು ಕೆಳಗಿಡುತ್ತ, “ಗಿರಣಿಲಿ ಹಿಟ್ಟು ಬೀಳ್ತಲ, ಬಟ್ಟೆ ಸೊಂಡ್ಲು, ಹಾಂಗಿದ್ದು ಉದ್ದಕ್ಕೆ ಹೊಲ್ದ್ರೆ ಆಗ್ತಿಲ್ಯ? ಮಿಡಿ ಅದ್ರೊಳಗೆ ಜಾರಿ ಕೆಳಗೆ ಬತ್ತು” ಎಂದು ಹೇಳಿ ಹಿಟ್ಟು ಜರಡಿ ಹಿಡಿಯಲು ಕುಳಿತಳು.

ಇಷ್ಟು ದಿನಗಳ ತಂತಿ, ರಾಟೆ, ಕೊಡೆಗಳ ಸಂಸಾರವನ್ನು ಒಂದು ವಾಕ್ಯ ಗುಡಿಸಿ ಹಾಕಿತ್ತು. ಭಾವ, “ಬಟ್ಟೆ ನುಣ್ಣಗೆ ಇರಕ್ಕು. ಒರಟಾದ್ರೆ ಮಿಡಿ ಸಿಕ್ಕಿಬೀಳ್ತು. ಉದ್ದವೂ ಬೇಕು” ಎಂದು, ತಲೆ ಎತ್ತಿ, ಅತ್ಯಂತ ಪ್ರೀತಿಯಿಂದ, “ಭಾವಯ್ಯಾ” ಎಂದರು.

ನನಗೆ ಅರ್ಥವಾಯಿತು.

ನಮ್ಮ ಸೀಮೆಯಲ್ಲಿ ಒಬ್ಬ ಮನುಷ್ಯ ಕನ್ನಡವನ್ನು ದೀರ್ಘಕಾಲ ಬೋಧಿಸಿ, ಅಪಾಯವಿಲ್ಲದ ವಯಸ್ಸನ್ನು ತಲುಪಿದ ಮೇಲೆ, ಅವನನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿ ಪೇಟ ಇಡುವ ಪದ್ಧತಿಯಿದೆ. ಆ ಶಾಲು ಚಳಿಗೆ ಆಗುವುದಿಲ್ಲ, ಸೆಕೆಗೂ ಆಗುವುದಿಲ್ಲ. ಹೊಳೆಯುತ್ತದೆ, ಜಾರುತ್ತದೆ, ಅಷ್ಟೆ. ನನ್ನ ಬೀರುವಿನಲ್ಲಿ ಅಂಥವು ಎಂಟಿದ್ದವು. ಒಂದೊಂದರ ಮಡಿಕೆಯಲ್ಲಿಯೂ ಒಂದೊಂದು ಸಭೆಯ ನೆನಪನ್ನು ಇಟ್ಟುಕೊಂಡಿದ್ದೆ. ಭಾವ ಸಾಗರಕ್ಕೆ ಬಂದು ಒಂದರ ಮೇಲೆ ಗೋಲಿಯನ್ನು ಉರುಳಿಸಿ ನೋಡಿ, “ಇದಕ್ಕಿಂತ ಜಾರೋ ಬಟ್ಟೆ ಲೋಕದಲ್ಲಿ ಇಲ್ಲೆ” ಎಂದು ತೀರ್ಪು ಕೊಟ್ಟರು. ನನ್ನ ಜೀವಮಾನದ ಸಾಧನೆಯ ಕುರಿತು ಇಷ್ಟು ಖಚಿತವಾದ ವಿಮರ್ಶೆ ಬೇರೆ ಬಂದಿಲ್ಲ.

ಅಕ್ಕ ಹೊಲಿಗೆ ಯಂತ್ರದ ಮುಂದೆ ಕುಳಿತು ಎಂಟನ್ನೂ ತುದಿಗೆ ತುದಿ ಸೇರಿಸಿ ಕೊಳವೆಯಾಕಾರಕ್ಕೆ ಹೊಲಿದಳು. ನೋಟ್‌ಬುಕ್ಕಿನಲ್ಲಿ ‘ಕೆಟ್ಟರೆ ಕೆಡುವುದು: ಭಾವಯ್ಯನ ಎಂಟು ಸನ್ಮಾನ’ ಎಂದು ದಾಖಲಾಯಿತು. ಕೆಳಗೆ ಮಿಡಿ ಬಂದು ಬೀಳುವ ತಾಮ್ರದ ಪಾತ್ರೆಗೆ ಮೆತ್ತಗಿನ ಹಾಸು ಬೇಕೆಂದು ನನ್ನ ಪೇಟವನ್ನೂ ತೆಗೆದುಕೊಂಡರು. “ಪೇಟಕ್ಕೆ ನನ್ನ ಒಪ್ಪಿಗೆ ಕೇಳಲಿಲ್ಲವಲ್ಲ” ಎಂದೆ.

ಅಕ್ಕ ಸೂಜಿಯಿಂದ ಕಣ್ಣೆತ್ತದೆ ಹೇಳಿದಳು: “ನಿನ್ನ ತಲೆ ಮೇಲೆ ಇಟ್ಟವ್ವು ಕೇಳಿದ್ದವ?”

೪. ಕೆಳಗಿನಿಂದ ಕಂಡ ಮರ

ಶುಕ್ರವಾರ ನಾವು ಮೇಗರವಳ್ಳಿಗೆ ಹೋಗಿ ಗೌಡರ ಮರವನ್ನು ಕಣ್ಣಾರೆ ನೋಡಿದೆವು. ಅಡಕೆ ಕೊಯ್ಯಲು ಈಗ ಎಲ್ಲರೂ ನೆಲದಲ್ಲಿ ನಿಂತೇ ಎತ್ತುವ ಫೈಬರ್ ದೋಟಿ ಇಟ್ಟುಕೊಂಡಿದ್ದಾರಲ್ಲ, ಗೌಡರಲ್ಲಿಯೂ ಒಂದಿತ್ತು. ಒಂದರೊಳಗೊಂದು ಸೇರಿದ ಹಗುರವಾದ ಕೋಲು, ಎಳೆದಷ್ಟೂ ಉದ್ದವಾಗುತ್ತದೆ. ಅದರ ತುದಿಗೆ ಭಾವ ತಂತಿಯ ಬಳೆ ಕಟ್ಟಿದರು. ಬಳೆಯ ಪಕ್ಕಕ್ಕೆ ದಾರ ಎಳೆದರೆ ಮುಚ್ಚುವ ಕತ್ತರಿ. ಬಳೆಯಿಂದ ಕೆಳಗೆ ನನ್ನ ಎಂಟು ಸನ್ಮಾನಗಳು ಜೋತುಬೀಳತಕ್ಕದ್ದು.

ಯಾವ ಕೊಂಬೆಗೆ ಕೈಹಾಕಬೇಕು ಎಂಬುದನ್ನು ಬಲ್ಲವನು ಆ ಹಳೆಯ ಮರಹತ್ತುವವನೊಬ್ಬನೇ. ಗೌಡರು ಅವನನ್ನು ಜೀಪಿನಲ್ಲಿ ಕರೆಸಿ ಕುರ್ಚಿ ಹಾಕಿ ಕೂರಿಸಿದರು. ಅವನು ಮರವನ್ನು ನೋಡಿದ. ಎಡಕ್ಕೆ ವಾಲಿ ನೋಡಿದ. ಬಲಕ್ಕೆ ವಾಲಿ ನೋಡಿದ. ಕೊನೆಗೆ, “ಅಯ್ಯಾ, ಇದು ಅದೇ ಮರನಾ?” ಎಂದ.

“ನಲವತ್ತು ವರ್ಷ ಹತ್ತಿದೀಯಲ್ಲ ಮಾರಾಯ” ಎಂದರು ಗೌಡರು.

“ಹತ್ತಿದೀನಿ. ಕೆಳಗೆ ಕೂತು ಯಾವತ್ತು ನೋಡಿದೀನಿ? ಬಂದ ಕೂಡ್ಲೇ ಹತ್ತೋದು, ಇಳಿದ ಕೂಡ್ಲೇ ಮನೆಗೆ ಹೋಗೋದು. ಮೇಲಿಂದ ಆದ್ರೆ ಕಣ್ಣು ಕಟ್ಟಿದ್ರೂ ಹೇಳ್ತೀನಿ. ಕೆಳಗಿಂದ ನಂಗೆ ಇದ್ರ ಗುರ್ತೇ ಇಲ್ಲ.”

ಭಾವ ಮೂವರನ್ನೂ ಒಂದು ಸಲ ಅಳೆಯುವಂತೆ ನೋಡಿದರು. ನಮ್ಮಲ್ಲಿ ಹಗುರಾದವನು ನಾನೇ. ನಾನು ತಕ್ಷಣ ನನ್ನ ಮೊಬೈಲನ್ನು ತೆಗೆದು ಅವರ ಕೈಗಿತ್ತೆ. “ಕಣ್ಣು ಮೇಲಕ್ಕೆ ಹೋದರೆ ಸಾಕಲ್ಲವೇ? ಮೈ ಏಕೆ?” ಎಂದೆ. ನನ್ನ ಬದುಕಿನಲ್ಲಿ ಯಂತ್ರಕ್ಕೆ ಸಂಬಂಧಿಸಿದಂತೆ ಹೊಳೆದ ಏಕೈಕ ವಿಚಾರವಿದು. ಭಯವೇ ಅದರ ಪ್ರೇರಣೆ.

ಮೊಬೈಲನ್ನು ದೋಟಿಯ ತುದಿಗೆ ಕಟ್ಟಿ, ಚಿತ್ರ ತೆಗೆಯಲು ಬಿಟ್ಟು, ಮರದ ನೆತ್ತಿಗೆ ಏರಿಸಿದೆವು. ಕೆಳಗೆ ಎಲ್ಲಿಯೂ ಸಿಗದ ನೆಟ್‌ವರ್ಕು ಅಲ್ಲಿ ಸಿಕ್ಕಿತು. ಮೊಬೈಲು ಎಲೆಗಳ ನಡುವೆ ರಿಂಗಣಿಸತೊಡಗಿತು. ನಾವು ನಾಲ್ವರೂ ತಲೆಯೆತ್ತಿ, ಯಾರೂ ಎತ್ತಲಾರದ ಆ ಕರೆ ನಿಲ್ಲುವವರೆಗೆ ಕೇಳುತ್ತ ನಿಂತೆವು.

ಇ‍ಳಿಸಿ ತೋರಿಸಿದಾಗ ಮರಹತ್ತುವವನ ಮುಖ ಅರಳಿತು. “ಹಾಂ, ಇದು ನನ್ನ ಮರ. ಅಗೊ ಮೂಡು ದಿಕ್ಕಿನ ಕವಲು, ಅಲ್ಲಿ ಗೊಂಚಲು ಜಾಸ್ತಿ. ಪಡು ಕಡೆಗೆ ಹೋಗ್ಬೇಡಿ, ಚಗಳಿ ಗೂಡು ಇದೆ” ಎಂದ. ಚಗಳಿ ಎಂದರೆ ಎಲೆಗಳನ್ನು ಹೆಣೆದು ಮರದ ಮೇಲೆ ಗೂಡು ಕಟ್ಟುವ ಕೆಂಪಿರುವೆ. ಕಚ್ಚಿದ ಮೇಲೆ ಬಿಡುವ ಅಭ್ಯಾಸ ಅದಕ್ಕಿಲ್ಲ. ನಾನು ಆತಂಕದಿಂದ ಭಾವನನ್ನು ನೋಡಿದೆ. “ಬರಕಂಡಿದ್ದಿ” ಎಂದರು. ಅವರು ಬರೆದುಕೊಂಡರೆಂದರೆ ಯೋಚಿಸಿದ್ದಾರೆ ಎಂದು ನಾನು ಸಮಾಧಾನಪಟ್ಟೆ.

ಆದರೆ ಕೊಳವೆಯನ್ನು ಬಳೆಗೆ ಕಟ್ಟಿ ಎತ್ತಿ ನೋಡಿದಾಗ ಅದು ನೆಲಕ್ಕೆ ಒಂದು ಶಾಲಿನಷ್ಟು ಗಿಡ್ಡವಾಗಿತ್ತು. ಎಂಟು ಸನ್ಮಾನ ಸಾಲಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು, ನಾನು ಇನ್ನಷ್ಟು ಓದಬೇಕಿತ್ತು ಎಂಬಂತೆ.

ತೀರ್ಥಹಳ್ಳಿ ಪೇಟೆಗೆ ಬಂದು ಆ ತಪ್ಪಿದ ಕರೆಗೆ ಮರಳಿ ಫೋನು ಮಾಡಿದೆ. ಅಲ್ಲಿನ ಒಂದು ಸಾಹಿತ್ಯಾಸಕ್ತರ ಬಳಗದವರು. “ಸಾರ್, ನಾಡಿದ್ದು ಭಾನುವಾರ ನಮ್ಮಲ್ಲಿ ಹಳಗನ್ನಡ ಗದ್ಯದ ಬಗ್ಗೆ ನಿಮ್ಮ ಮಾತು ಇಟ್ಕೊಂಡಿದ್ದೀವಿ. ಚಿಕ್ಕದಾಗಿ ಒಂದು ಸನ್ಮಾನವೂ ಇದೆ” ಎಂದರು.

ಪಕ್ಕದಲ್ಲಿ ಕಿವಿಗೊಟ್ಟು ನಿಂತಿದ್ದ ಭಾವ ಮೊಬೈಲನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡು ಕೇಳಿದರು: “ಶಾಲು ಎಷ್ಟು ಉದ್ದ ಇರ್ತು?”

೫. ಷರಾ

ಭಾನುವಾರ ಒಂಬತ್ತನೆಯದು ಬಂತು. ವೇದಿಕೆಯಿಂದ ಇಳಿಯುವ ಮೊದಲೇ ಅದು ನನ್ನ ಹೆಗಲಿನಿಂದ ಅಕ್ಕನ ಕೈಗೆ ಹೋಯಿತು. ಕೊನೆಯ ವಂದನಾರ್ಪಣೆ ಮುಗಿಯುವಷ್ಟರಲ್ಲಿ ಅದರ ಅಂಚಿಗೆ ಅರ್ಧ ಹೊಲಿಗೆ ಬಿದ್ದಿತ್ತು.

ಸೋಮವಾರ ಬೆಳಿಗ್ಗೆ ಮರದ ಬುಡದಲ್ಲಿ ಎಲ್ಲರೂ ಸೇರಿದೆವು. ಗೌಡರು ಕೈಕಟ್ಟಿಕೊಂಡು ದೂರದಲ್ಲಿ ನಿಂತರು. ಅವರ ಪಕ್ಕದಲ್ಲಿ ಚಾಪೆ ಹಾಸಿ ಅಕ್ಕ, ಎದುರಿಗೆ ಖಾಲಿ ಬುಟ್ಟಿ. ಕುರ್ಚಿಯಲ್ಲಿ ಮರಹತ್ತುವವ. ದೋಟಿ ಭಾವನ ಕೈಯಲ್ಲಿ. ಕೊಳವೆಯ ಕೆಳಬಾಯಿಯನ್ನು ಪಾತ್ರೆಯ ಮೇಲೆ ಅಗಲಿಸಿ ಹಿಡಿಯುವ ಹೊಣೆ ನನ್ನದು. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಬಿಸಿಲು ಆಗಲೇ ಏರುತ್ತಿತ್ತು. ಆದರೂ ಭಾವ ಕಾಲಿನವರೆಗೆ ಬರುವ ರೇನ್‌ಕೋಟು ತೊಟ್ಟು, ಸ್ಕೂಟರಿನ ಹೆಲ್ಮೆಟ್ಟು ಹಾಕಿಕೊಂಡಿದ್ದರು.

“ಇದೇನು?” ಎಂದೆ.

“ಮುನ್ನೆಚ್ಚರಿಕೆ” ಎಂಬ ಧ್ವನಿ ಹೆಲ್ಮೆಟ್ಟಿನೊಳಗಿಂದ ಬಂತು.

ಅಡಕೆ ಕೋಲು ತಲೆಯ ಮೇಲೆ ಬೀಳಬಹುದೆಂಬ ಭಯವಿರಬೇಕೆಂದು ನಾನು ಮನಸ್ಸಿನಲ್ಲಿ ನಕ್ಕೆ.

ಮೊದಲ ಮಿಡಿ ಕತ್ತರಿಗೆ ಸಿಕ್ಕಿತು. ಒಂಬತ್ತು ಸನ್ಮಾನಗಳ ಮೂಲಕ ಸರ್ರನೆ ಜಾರಿ ನನ್ನ ಪೇಟದ ಮೇಲೆ ಮೆತ್ತಗೆ ಕುಳಿತಿತು. ಅಕ್ಕ ಎದ್ದು ಬಂದು ಅದನ್ನೆತ್ತಿಕೊಂಡು, ತೊಟ್ಟಿನ ತುದಿಯನ್ನು ಮುರಿದು ಮೂಸಿ ನೋಡಿದಳು. ಕಣ್ಣು ಮುಚ್ಚಿದಳು. “ಹೌದು” ಎಂದಳು. ಅಷ್ಟೆ. ಆ ಒಂದು ಪದಕ್ಕೆ ಭಾವ ರೇನ್‌ಕೋಟಿನೊಳಗೆ ಎರಡಂಗುಲ ಎತ್ತರವಾದರು.

ಮುಕ್ಕಾಲು ಬುಟ್ಟಿ ಆಗುವಷ್ಟರಲ್ಲಿ ಟಿಂಬರಿನವನು ಬಂದ. ಟೇಪು ತೆಗೆದು, ನಮ್ಮನ್ನು ನೋಡಿ ಮುಗುಳ್ನಕ್ಕು, “ಆಟ ಮುಗಿದ್ಮೇಲೆ ಹೇಳಿ ಅಜ್ಜ, ಅಷ್ಟ್ರಲ್ಲಿ ಸುತ್ತಳತೆ ತಗೊಳ್ತೀನಿ” ಎಂದು ನನ್ನ ಬಲಕ್ಕೆ ಬಗ್ಗಿ ಮರವನ್ನು ತಬ್ಬಿಕೊಂಡ. ಅಜ್ಜ ಎಂದು ಕರೆಸಿಕೊಳ್ಳುವ ವಯಸ್ಸು ನನಗೆ ಖಂಡಿತ ಆಗಿದೆ. ‘ಆಟ’ ಎಂಬುದು ಮಾತ್ರ ಸ್ವಲ್ಪ ಚುಚ್ಚಿತು.

ಮೂಡಣ ಕವಲಿನ ಗೊಂಚಲು ಮುಗಿದಿತ್ತು. ಬುಟ್ಟಿಗೆ ಇನ್ನೂ ಕಾಲು ಭಾಗ ಬೇಕು. ಭಾವ ದೋಟಿಯನ್ನು ಪಡುವಣಕ್ಕೆ ತಿರುಗಿಸಿದರು. “ಅಯ್ಯಾ, ಅಲ್ಲಿ ಬೇಡ” ಎಂದು ಕುರ್ಚಿಯಿಂದ ಕೂಗು ಬರುವಷ್ಟರಲ್ಲಿ ಕತ್ತರಿ ಮುಚ್ಚಿತು. ಮಿಡಿಯ ಗೊಂಚಲಿನೊಡನೆ ಎಲೆಯ ದೊಡ್ಡದೊಂದು ಉಂಡೆಯೂ ಕೊಳವೆಗೆ ಇಳಿಯಿತು. ನುಣುಪಾದ ಶಾಲುಗಳಲ್ಲಿ ಯಾವುದಕ್ಕೂ ತಡೆಯಿಲ್ಲವಷ್ಟೆ. ಕೊಳವೆಯ ಬಾಯಿಯಿಂದ ಮೊದಲು ಮಿಡಿ ಬಂತು. ಹಿಂದೆಯೇ ಚಗಳಿಯ ಒಂದು ಸಂಸ್ಥಾನ ಸಪರಿವಾರವಾಗಿ ಬಂತು.

ಮುಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಕುತ್ತಿಗೆಗೆ ಅವು ಏರಿದ ವೇಗವನ್ನು ವರ್ಣಿಸಲು ನನ್ನ ವ್ಯಾಸಂಗ ಸಾಲದು. ಆ ಕ್ಷಣದಲ್ಲಿ ನನ್ನ ಬಾಯಿಂದ ಒಂದು ಪದ ಹೊರಟಿತು. ಎಪ್ಪತ್ತು ದಾಟಿದ ಈ ಬಾಯಿಯಲ್ಲಿ ಅದು ಎಲ್ಲಿ ಅಡಗಿತ್ತೋ ಕಾಣೆ. ಅಕ್ಕ ಬೆರಳನ್ನು ಕಿವಿಗಿಟ್ಟಳು. ಮರಹತ್ತುವವ ಮಾತ್ರ ಗೌರವದಿಂದ, “ಮೇಷ್ಟ್ರೇ, ಇದನ್ನೂ ಕಾಲೇಜಲ್ಲಿ ಹೇಳ್ಕೊಡ್ತಿದ್ರಾ?” ಎಂದ.

ನನ್ನ ಕೈಯಲ್ಲಿದ್ದ ಕೊಳವೆಯ ಬಾಯಿ ಬಲಕ್ಕೆ ತಿರುಗಿತು. ಸಂಸ್ಥಾನದ ಉಳಿದ ಭಾಗವೆಲ್ಲ ಅತ್ತ ಇಳಿಯಿತು. ಅಲ್ಲಿ ಟಿಂಬರಿನವನು ಎರಡೂ ಕೈಗಳಿಂದ ಮರವನ್ನು ತಬ್ಬಿ, ಬೆನ್ನು ಬಾಗಿಸಿ, ಟೇಪಿನ ತುದಿಯನ್ನು ಹುಡುಕುತ್ತಿದ್ದ. ಅಂಗಿಯ ಕಾಲರು ಹಿಂದೆ ಅಗಲವಾಗಿ ತೆರೆದಿತ್ತು.

ಅವನು ಹಳ್ಳಕ್ಕೆ ಇಳಿದ. ನಾನೂ ಇಳಿದೆ. ಕುತ್ತಿಗೆಯವರೆಗಿನ ನೀರಿನಲ್ಲಿ ಎದುರುಬದುರಾಗಿ ಕುಳಿತು ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿದೆವು. ಅವನು ದಂಡೆ ಹತ್ತಿ, ನೀರು ಸೋರುತ್ತ ಗೌಡರ ಮುಂದೆ ನಿಂತು, “ಗೌಡ್ರೇ, ಮರ ಎಲ್ಲಿ ಬೇಕಾದ್ರೂ ತೋರ್ಸಿ, ಕಡೀತೀವಿ. ಇದೊಂದಕ್ಕೆ ನನ್ನ ಕರೀಬೇಡಿ” ಎಂದು ಹೇಳಿ ಹೊರಟುಹೋದ. ಟೇಪು ಇಂದಿಗೂ ಗೌಡರ ಮನೆಯಲ್ಲಿದೆ.

ಅಷ್ಟರಲ್ಲಿ ಅಕ್ಕ ಪಡುವಣ ಗೊಂಚಲನ್ನು ಬುಟ್ಟಿಗೆ ಸೇರಿಸಿದ್ದಳು. ಬುಟ್ಟಿ ತುಂಬಿತ್ತು. ಗೌಡರು ಹತ್ತಿರ ಬಂದು ಒಂದು ಹಿಡಿ ಮಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದಕ್ಕೂ ಪೆಟ್ಟಾಗಿರಲಿಲ್ಲ. “ಮಾತು ಅಂದ್ರೆ ಮಾತು. ಮರ ನಿಮ್ದೇ ಅಂತ ಇಟ್ಕಳಿ ಅಮ್ಮ” ಎಂದರು. “ಮುಂದಿನ ವರ್ಷಕ್ಕೂ ಬನ್ನಿ. ಮೇಷ್ಟ್ರನ್ನ ಮಾತ್ರ ಮರೀದೆ ಕರ್ಕಂಬನ್ನಿ.”

ಹಿಂದಿರುಗುವಾಗ ಜೀಪಿನಲ್ಲಿ ಅಕ್ಕ ನನ್ನ ಕುತ್ತಿಗೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, “ತಮಾ, ಆ ಸೊಂಡ್ಲ ಬಾಯಿ ಅವನ ಕಡಿಗೆ ಹ್ಯಾಂಗೆ ತಿರುಗ್ತು?” ಎಂದು ಕೇಳಿದಳು.

“ಗಾಳಿಗೆ” ಎಂದೆ.

“ಗಾಳಿ ಇತ್ತಿಲ್ಲೆ” ಎಂದಳು; ಎಣ್ಣೆ ಹಚ್ಚುವುದನ್ನು ಮುಂದುವರಿಸಿದಳು.

ಭಾವ ಮುಂದಿನ ಸೀಟಿನಲ್ಲಿ ಹೆಲ್ಮೆಟ್ಟು ಮಡಿಲಲ್ಲಿಟ್ಟುಕೊಂಡು ತೃಪ್ತಿಯಿಂದ ನಿದ್ದೆಹೋಗಿದ್ದರು. ನೋಟ್‌ಬುಕ್ಕು ನನ್ನ ಪಕ್ಕದಲ್ಲಿ ಬಿದ್ದಿತ್ತು. ತೆರೆದೆ. ಶುಕ್ರವಾರದ ತಾರೀಖಿನಲ್ಲಿಯೇ, ಅವರ ದುಂಡಗಿನ ಅಕ್ಷರಗಳಲ್ಲಿ, ಯಾವ ಅಂಕಣವನ್ನೂ ಖಾಲಿ ಬಿಡದೆ ಹೀಗೆ ಬರೆದಿತ್ತು:

‘ಮಾಡುವುದು: ಬುಟ್ಟಿ ತುಂಬದಿದ್ದರೆ ಪಡುವಣ ಕೊಂಬೆ. ಕೆಟ್ಟರೆ ಕೆಡುವುದು: ಚಗಳಿ ಇಳಿದು ಭಾವಯ್ಯ. ಕೇಳಿದ್ದಾಯಿತೆ: ಇಲ್ಲ. ಷರಾ: ಕೇಳಿದರೆ ಬರುವುದಿಲ್ಲ.’

ನಾನು ಅದನ್ನು ಎರಡು ಸಲ ಓದಿದೆ. ವಾಕ್ಯರಚನೆಯಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಅವರ ಜೇಬಿನಿಂದ ಮೆಲ್ಲನೆ ಪೆನ್ಸಿಲು ತೆಗೆದು, ದಾಖಲೆ ಪೂರ್ಣವಾಗಲೆಂದು, ಅದರ ಕೆಳಗಿನ ಸಾಲಿನಲ್ಲಿ ನನ್ನ ಅಕ್ಷರದಲ್ಲಿ ಬರೆದೆ:

‘ಮಾಡುವುದು: ಕೊಳವೆಯನ್ನು ಬಲಕ್ಕೆ ತಿರುಗಿಸುವುದು. ಕೆಟ್ಟರೆ ಕೆಡುವುದು: ಟಿಂಬರಿನವನು. ಕೇಳಿದ್ದಾಯಿತೆ: ಇಲ್ಲ. ಷರಾ: ಮೇಲಿನಂತೆ.’